ವಿಮರ್ಶಾತ್ಮಕ ಜನಾಂಗೀಯ ಅಧ್ಯಯನದ ಸ್ನಾತಕೋತ್ತರ ಶಿಕ್ಷಣ

ವಿಮರ್ಶಾತ್ಮಕ ಜನಾಂಗೀಯ ಅಧ್ಯಯನ ಅಥವಾ ಕ್ರಿಟಿಕಲ್ ಎಥ್ನಿಕ್ ಸ್ಟಡೀಸ್ ಎಂಬುದು ವರ್ಣಭೇದ, ವಸಾಹತುಶಾಹಿ, ವಲಸೆ ಹಾಗೂ ಪ್ರಭುತ್ವಗಳ ಪರಸ್ಪರ ಸಂಬಂಧವನ್ನು ಪರಿಶೀಲಿಸುವ ಅಂತರ್‌ಶಿಸ್ತೀಯ ಜ್ಞಾನಶಾಖೆ. ಇದರ ಎಂ.ಎ. ಮತ್ತು ಪಿಎಚ್.ಡಿ. ವ್ಯಾಸಂಗವು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ, ಅದರಲ್ಲೂ ಕ್ಯಾಲಿಫೋರ್ನಿಯಾದಲ್ಲಿ ಬೆಳೆದಿದೆ. ಹೆಸರನ್ನು ನೋಡಿ ಇದನ್ನು ಬುಡಕಟ್ಟುಗಳ ಆಚಾರ ವಿಚಾರಗಳನ್ನು ದಾಖಲಿಸುವ ಮಾನವಶಾಸ್ತ್ರವೆಂದು ತಿಳಿಯುವ ಸಂಭವವುಂಟು. ಆದರೆ ಬಹುಕಾಲ ಅನ್ಯರ ಅಧ್ಯಯನದ ವಸ್ತುವಾಗಿದ್ದ ಸಮುದಾಯದವರೇ ಇಲ್ಲಿ ಅಧ್ಯಯನಕಾರರಾಗಿದ್ದಾರೆ. ತಮ್ಮನ್ನು ಕುರಿತು ಹಿಂದೆ ಬರೆಯಲಾದ ಪಾಂಡಿತ್ಯವನ್ನೂ ಅವರು ಪರೀಕ್ಷೆಗೆ ಒಡ್ಡುತ್ತಾರೆ.

ಹಿನ್ನೆಲೆ

ಈ ಶಿಸ್ತು ಹುಟ್ಟಿದ್ದು ವಿದ್ಯಾರ್ಥಿ ಮುಷ್ಕರದಿಂದ. ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಸದಸ್ಯರೂ ಇಂಗ್ಲಿಷ್ ಬೋಧಕರೂ ಆಗಿದ್ದ ಜಾರ್ಜ್ ಮರ್ರೆ ಅವರ ಅಮಾನತಿನ ನಂತರ, 1968ರ ನವೆಂಬರ್ 6ರಂದು ಸ್ಯಾನ್ ಫ್ರಾನ್ಸಿಸ್ಕೋ ಸ್ಟೇಟ್ ಕಾಲೇಜಿನಲ್ಲಿ ಮುಷ್ಕರ ಆರಂಭವಾಯಿತು. ಕಪ್ಪು ವಿದ್ಯಾರ್ಥಿಗಳ ಸಂಘವು ಹತ್ತು ಬೇಡಿಕೆಗಳನ್ನೂ, ಲ್ಯಾಟಿನೋ, ಫಿಲಿಪಿನೋ, ಚೀನೀ ಮೊದಲಾದ ಮೂಲದ ವಿದ್ಯಾರ್ಥಿಗಳನ್ನು ಒಳಗೊಂಡ ತೃತೀಯ ಜಗತ್ತಿನ ವಿಮೋಚನಾ ರಂಗವು ಐದು ಬೇಡಿಕೆಗಳನ್ನೂ ಮುಂದಿಟ್ಟವು. ಆಗಿನ ಹಂಗಾಮಿ ಅಧ್ಯಕ್ಷ ಎಸ್. ಐ. ಹಯಕವಾ ಅವರು ಭಾಷೆಯ ಅರ್ಥವಿಜ್ಞಾನದಲ್ಲಿ ಹೆಸರಾದ ವಿದ್ವಾಂಸರು. ಮುಷ್ಕರನಿರತರ ಧ್ವನಿವರ್ಧಕದ ತಂತಿಗಳನ್ನು ಕಿತ್ತುಹಾಕಿದ ಪ್ರಸಂಗವೇ ಅವರನ್ನು ದೇಶದಾದ್ಯಂತ ಪ್ರಸಿದ್ಧಗೊಳಿಸಿತು. 1969ರ ಮಾರ್ಚ್‌ನಲ್ಲಿ ಮುಷ್ಕರ ಮುಗಿದಾಗ ಜನಾಂಗೀಯ ಅಧ್ಯಯನಕ್ಕೆಂದೇ ಪ್ರತ್ಯೇಕ ಶಾಲೆಯೊಂದನ್ನು ತೆರೆಯಲು ಆಡಳಿತವು ಒಪ್ಪಿತು. ಅದೇ ವರ್ಷ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿಯೂ ಇಂತಹುದೇ ಮುಷ್ಕರದ ಫಲವಾಗಿ ವಿಭಾಗವೊಂದು ಸ್ಥಾಪನೆಯಾಯಿತು.

ಡಾಕ್ಟರೇಟ್ ವ್ಯಾಸಂಗ

ಜನಾಂಗೀಯ ಅಧ್ಯಯನದಲ್ಲಿ ದೇಶದ ಮೊದಲ ಪಿಎಚ್.ಡಿ. ಕಾರ್ಯಕ್ರಮ 1984ರಲ್ಲಿ ಬರ್ಕ್ಲಿಯಲ್ಲಿ ಆರಂಭವಾಯಿತು. ಅದನ್ನು ರೂಪಿಸಿದವರಲ್ಲಿ ಇತಿಹಾಸಕಾರ ರೊನಾಲ್ಡ್ ಟಕಾಕಿ ಪ್ರಮುಖರು. ಹವಾಯಿಯ ಕಬ್ಬಿನ ತೋಟಗಳಿಗೆ ಕೂಲಿಗೆ ಬಂದ ಜಪಾನೀ ವಲಸಿಗರ ಮೊಮ್ಮಗನಾದ ಅವರು, ಒಂದೊಂದು ಸಮುದಾಯದ ಚರಿತ್ರೆಯನ್ನು ಬಿಡಿಯಾಗಿ ಬರೆಯುವ ಬದಲು ತೌಲನಿಕವಾಗಿ ನೋಡಬೇಕೆಂದು ವಾದಿಸಿದರು.

ಡಾಕ್ಟರೇಟ್ ಪದವಿ ಬಂದ ಮೇಲೆ ವಿಷಯದ ಸ್ಥಾನ ಗಟ್ಟಿಯಾಯಿತು. ಜೊತೆಗೆ ಹೊಸ ಬಿಕ್ಕಟ್ಟೂ ಎದುರಾಯಿತು. ಮುಷ್ಕರ ಹೂಡಿದವರು ಕೇಳಿದ್ದು ತಮ್ಮ ಕೇರಿ, ಬಡಾವಣೆಗಳ ಜನರಿಗೆ ಉತ್ತರದಾಯಿಯಾದ ಶಿಕ್ಷಣವನ್ನು. ಆದರೆ ಪ್ರಾಧ್ಯಾಪಕ ಹುದ್ದೆ ದೊರೆಯುವುದು ವಿದ್ವತ್ ಪತ್ರಿಕೆಗಳಲ್ಲಿನ ಲೇಖನ ಮತ್ತು ಗ್ರಂಥಗಳ ಬಲದಿಂದ. ಸಂಶೋಧನಾ ವಿದ್ಯಾರ್ಥಿಯು ಈ ಎರಡರ ನಡುವೆ ತನ್ನ ಐದಾರು ವರ್ಷಗಳನ್ನು ಹಂಚಿಕೊಳ್ಳಬೇಕಾಗುತ್ತದೆ. ವ್ಯಾಸಂಗದ ಕ್ರಮ ಇತರ ಮಾನವಿಕ ವಿಷಯಗಳಂತೆಯೇ ಇದೆ: ಮೊದಲ ವರ್ಷಗಳಲ್ಲಿ ತರಗತಿಗಳು, ಬಳಿಕ ಅರ್ಹತಾ ಪರೀಕ್ಷೆ, ಕೊನೆಗೆ ಮಹಾಪ್ರಬಂಧ. ಖರ್ಚಿಗೆ ಬಹುಮಟ್ಟಿಗೆ ಶಿಷ್ಯವೇತನ ಅಥವಾ ಬೋಧನಾ ಸಹಾಯಕನ ಕೆಲಸವೇ ಆಧಾರ. ಅನುದಾನ ಕಡಿತದ ಭಯವೂ ಸುಳ್ಳಲ್ಲ. ಅದನ್ನು ವಿರೋಧಿಸಿ 1999ರಲ್ಲಿ ಬರ್ಕ್ಲಿಯ ವಿದ್ಯಾರ್ಥಿಗಳು ಉಪವಾಸ ಸತ್ಯಾಗ್ರಹ ನಡೆಸಿದರು.

'ವಿಮರ್ಶಾತ್ಮಕ' ಎಂಬ ವಿಶೇಷಣ

ವಿಶ್ವವಿದ್ಯಾಲಯಗಳು ಬಹುಸಂಸ್ಕೃತಿಯ ಹೆಸರಿನಲ್ಲಿ ಈ ವಿಷಯವನ್ನು ಅಲಂಕಾರವಾಗಿಸಿವೆ ಎಂಬ ಅಸಮಾಧಾನ ಈ ವಿಶೇಷಣದ ಹಿಂದಿದೆ. 2011ರ ಮಾರ್ಚ್‌ನಲ್ಲಿ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ನಡೆದ ಸಮ್ಮೇಳನದೊಂದಿಗೆ ಇದು ಚಳವಳಿಯ ರೂಪ ಪಡೆಯಿತು. ಆ ಸಮ್ಮೇಳನ ಎತ್ತಿಕೊಂಡ ವಿಷಯ ನರಮೇಧ. ಮೂಲನಿವಾಸಿಗಳ ನೆಲ, ಸೆರೆಮನೆ ವ್ಯವಸ್ಥೆ, ಲಿಂಗತ್ವ, ಸಾಮ್ರಾಜ್ಯಶಾಹಿ ಇವುಗಳನ್ನು ಬೇರೆ ಬೇರೆಯಾಗಿ ಕಾಣದೆ ಒಂದೇ ಹೆಣಿಗೆಯ ಎಳೆಗಳೆಂದು ಓದುವುದು ಇದರ ಕ್ರಮ. ಸ್ವತಃ ವಿಶ್ವವಿದ್ಯಾಲಯವೂ ಈ ಪರಿಶೀಲನೆಗೆ ಹೊರತಲ್ಲ. ಷಿಕಾಗೋದ ಡಿಪಾಲ್ ವಿಶ್ವವಿದ್ಯಾಲಯವು ಇದೇ ಹೆಸರಿನ ಎಂ.ಎ. ವ್ಯಾಸಂಗವನ್ನು ರೂಪಿಸಿತು.

ಇದು ಪಾಂಡಿತ್ಯಕ್ಕಿಂತ ಹೆಚ್ಚಾಗಿ ರಾಜಕೀಯ ಪ್ರಚಾರವೆಂದೂ, ಸಮುದಾಯಗಳನ್ನು ಪರಸ್ಪರ ದೂರಮಾಡುತ್ತದೆಂದೂ ಟೀಕಿಸುವವರಿದ್ದಾರೆ. ಇಂತಹ ಆಕ್ಷೇಪಗಳ ಆಧಾರದ ಮೇಲೆಯೇ ಅರಿಜೋನ ರಾಜ್ಯವು 2010ರಲ್ಲಿ ಶಾಲಾ ಮಟ್ಟದ ಜನಾಂಗೀಯ ಪಾಠಗಳನ್ನು ನಿರ್ಬಂಧಿಸುವ ಕಾನೂನು ತಂದಿತು. ಟ್ಯೂಸಾನ್ ನಗರದಲ್ಲಿ ಅದನ್ನು ಜಾರಿಗೊಳಿಸಿದ್ದರ ಹಿಂದೆ ಜನಾಂಗೀಯ ದ್ವೇಷವಿತ್ತೆಂದು 2017ರಲ್ಲಿ ಫೆಡರಲ್ ನ್ಯಾಯಾಲಯ ತೀರ್ಪಿತ್ತಿತು.

ಭಾರತದೊಂದಿಗಿನ ನಂಟು

ಭಾರತೀಯ ವಲಸಿಗರ ಚರಿತ್ರೆಯೂ ಈ ಅಧ್ಯಯನದ ವ್ಯಾಪ್ತಿಯಲ್ಲಿದೆ. ಪಂಜಾಬ್ ಮೂಲದ ಭಗತ್ ಸಿಂಗ್ ಥಿಂಡ್ 'ಬಿಳಿಯ'ರಲ್ಲವೆಂದು, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲವೆಂದು ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ನೀಡಿದ ತೀರ್ಪು ಇಲ್ಲಿ ಮತ್ತೆ ಮತ್ತೆ ಚರ್ಚೆಗೆ ಬರುತ್ತದೆ. ತಾನು ಮೇಲ್ಜಾತಿಯ ಆರ್ಯನೆಂಬುದು ಥಿಂಡ್ ಅವರ ವಾದವಾಗಿದ್ದುದರಿಂದ, ಜಾತಿ ಮತ್ತು ವರ್ಣಗಳೆರಡನ್ನೂ ಒಟ್ಟಿಗೆ ಓದಬೇಕಾದ ಪ್ರಕರಣವಿದು. ವಿಶ್ವಸಂಸ್ಥೆಗೆ ಕಪ್ಪು ಜನರು ಸಲ್ಲಿಸಿದ್ದ ಮನವಿಯ ಕುರಿತು ವಿಚಾರಿಸಿ 1946ರಲ್ಲಿ ಬಿ. ಆರ್. ಅಂಬೇಡ್ಕರ್ ಅವರು ಡಬ್ಲ್ಯು. ಇ. ಬಿ. ಡು ಬಾಯ್ಸ್ ಅವರಿಗೆ ಬರೆದ ಪತ್ರವೂ, 1972ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಹೆಸರನ್ನು ನೆನಪಿಸುವಂತೆ ಮುಂಬಯಿಯಲ್ಲಿ ಹುಟ್ಟಿದ ದಲಿತ ಪ್ಯಾಂಥರ್ ಸಂಘಟನೆಯೂ ಜಾತಿ ಮತ್ತು ವರ್ಣಗಳ ತೌಲನಿಕ ಅಧ್ಯಯನಕ್ಕೆ ಆಕರಗಳಾಗಿವೆ.