ಪೆಟ್ಟಿಗೆಯೊಳಗೆ ಕೂತು ಬಂದ ಅಂಗಡಿ



ಯೂರಿಯಾ ತರಲು ಹೋದ ರೈತನಿಗೆ ಅಂಗಡಿಯವರು ‘ಈ ಡಬ್ಬಿಯನ್ನೂ ಒಯ್ಯಬೇಕು’ ಎಂದರೆ ಅದಕ್ಕೆ ‘ಲಿಂಕಿಂಗ್’ ಎನ್ನುತ್ತಾರೆ. ಬೇಕಾದುದರ ಬೆನ್ನಿಗೆ ಬೇಡದ್ದನ್ನು ಕಟ್ಟುವ ಈ ರೂಢಿ ನಿಮ್ಮ ಕಿಸೆಯ ಮೊಬೈಲಿಗೂ ಬಂದ ಬಗೆಯನ್ನು ಕೇಳಿರಿ.

ಇದರ ಬೇರು ಗಣಕಯಂತ್ರದಲ್ಲಿದೆ. ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ ಜೊತೆಗೆ ಇಂಟರ್‌ನೆಟ್ ಎಕ್ಸ್‌ಪ್ಲೋರರನ್ನೂ ಸೇರಿಸಿ ಕೊಟ್ಟಿತು. 1998ರಲ್ಲಿ ಅಮೆರಿಕ ಸರ್ಕಾರ ದಾವೆ ಹೂಡಿತು, 2001ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಎದುರಾಳಿ ನೆಟ್‌ಸ್ಕೇಪ್ ಸೊರಗಿ ಹೋಗಿತ್ತು.

2008ರಲ್ಲಿ ಗೂಗಲ್‌ನ ಆಂಡ್ರಾಯ್ಡ್ ಇರುವ ಮೊದಲ ಫೋನು ಪೇಟೆಗೆ ಬಂತು. ಆಂಡ್ರಾಯ್ಡ್ ಪುಕ್ಕಟೆ. ಆದರೆ ಪ್ಲೇ ಸ್ಟೋರ್ ಬೇಕೆನ್ನುವ ತಯಾರಕರು ಗೂಗಲ್ ಸರ್ಚ್, ಕ್ರೋಮ್, ಯೂಟ್ಯೂಬ್ ಮೊದಲಾದವನ್ನೂ ಫೋನಿನಲ್ಲಿ ಮೊದಲೇ ತುಂಬಿಕೊಡಬೇಕೆಂಬ ಕರಾರು ಇತ್ತು. ಪ್ಲೇ ಸ್ಟೋರ್ ಇಲ್ಲದ ಆಂಡ್ರಾಯ್ಡ್ ಫೋನನ್ನು ಕೊಲ್ಹಾಪುರದಲ್ಲಾಗಲಿ ಇಚಲಕರಂಜಿಯಲ್ಲಾಗಲಿ ಕೊಳ್ಳುವವರಾರು? ತಯಾರಕರು ಒಪ್ಪಿದರು.

‘ಬೇರೆಯದನ್ನು ಹಾಕಿಕೊಂಡರಾಯಿತು’ ಎನ್ನುವಿರಿ. ಆದರೆ ಕಣ್ಣೆದುರು ಇರುವುದನ್ನೇ ಬೆರಳು ಒತ್ತುತ್ತದೆ. ವ್ಯಾಪಾರದ ಗುಟ್ಟು ಅಲ್ಲಿದೆ.

ಬಳಕೆದಾರರ ದೂರಿನ ಮೇಲೆ ಭಾರತೀಯ ಸ್ಪರ್ಧಾ ಆಯೋಗ 2019ರಲ್ಲಿ ತನಿಖೆಗೆ ಆದೇಶಿಸಿತು. 2022ರ ಅಕ್ಟೋಬರ್ 20ರಂದು ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಡಲೊಪ್ಪದಾಗ, ತಯಾರಕರು ಬೇಕಾದುದನ್ನಷ್ಟೇ ಬಿಡಿಯಾಗಿ ಆರಿಸಿಕೊಳ್ಳಬಹುದೆಂದು ಗೂಗಲ್ ಸಾರಿತು. ಅದೇ ಮಾರ್ಚ್ 29ರಂದು ಮೇಲ್ಮನವಿ ನ್ಯಾಯಮಂಡಳಿ ದಂಡವನ್ನು ಎತ್ತಿಹಿಡಿಯಿತು; ಆದರೆ ಆಯೋಗದ ನಾಲ್ಕು ಸೂಚನೆಗಳನ್ನು ತೆಗೆದುಹಾಕಿತು. ಪ್ಲೇ ಸ್ಟೋರಿನೊಳಗೆ ಬೇರೆಯವರ ಆ್ಯಪ್ ಅಂಗಡಿಗೂ ಜಾಗ ಕೊಡಬೇಕೆಂಬುದು ಅವುಗಳಲ್ಲಿ ಒಂದು.

ಇದು ದೂರದ ಜಗಳವೇ? ಅಲ್ಲ. 2024ರ ಫೆಬ್ರವರಿಯಲ್ಲಿ ಬೆಂಗಳೂರಿನ ಫೋನ್‌ಪೇ ಕಂಪನಿ ಇಂಡಸ್ ಆ್ಯಪ್‌ಸ್ಟೋರ್ ತೆರೆಯಿತು. ಕನ್ನಡ, ಮರಾಠಿ ಸೇರಿ 12 ಭಾರತೀಯ ಭಾಷೆಗಳ ಅಂಗಡಿ ಅದು. ಬಾಗಿಲು ತೆರೆದರೂ ಹೆದ್ದಾರಿಯ ಬದಿಯಲ್ಲಿ ಜಾಗವಿಲ್ಲದ ಅಂಗಡಿಯಂತೆ, ಅದನ್ನು ಜನ ಹುಡುಕಿಕೊಂಡೇ ಹೋಗಬೇಕು, ಇಲ್ಲವೇ ಫೋನಿನ ತಯಾರಕರು ಮನಸ್ಸು ಮಾಡಬೇಕು.

ಗಡಹಿಂಗ್ಲಜದ ಆಚೀಚೆ ಎರಡು ಭಾಷೆಯಲ್ಲಿ ಬಾಳುವ ನಮಗೆ ಈ ಪಾಠ ಹೊಸದಲ್ಲ. ಶಾಲೆಯಲ್ಲಿ, ಕಚೇರಿಯಲ್ಲಿ ತಾನಾಗಿ ಕೈಗೆ ಬರುವ ಭಾಷೆ ಬೆಳೆಯುತ್ತದೆ. ಇನ್ನೊಂದನ್ನು ಕೇಳಿ ಪಡೆಯಬೇಕಾಗುತ್ತದೆ. ಫೋನಿನ ಮಾತೂ ಅಷ್ಟೇ. ಹೊಸ ಫೋನು ತಂದ ದಿನ ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಸೆಟ್ಟಿಂಗ್ಸ್ ತೆರೆಯಿರಿ. ಕನ್ನಡವನ್ನೂ ಮರಾಠಿಯನ್ನೂ ಸೇರಿಸಿರಿ. ಮೊದಲೇ ತುಂಬಿ ಬಂದದ್ದರಲ್ಲಿ ಯಾವುದು ಬೇಕು, ಯಾವುದು ಬೇಡ, ನೀವೇ ತೀರ್ಮಾನಿಸಿರಿ.