ಆಡುಮಾತಿನ ಹೀಬ್ರೂ ಪಾಠದೊಳಗೆ ಬಂದ ಬಗೆ

ಹೀಬ್ರೂ ಕಲಿಯಲು ಹೊರಟವರಿಗೆ ಬಹುಬೇಗ ಎದುರಾಗುವುದು ಮೂರಕ್ಷರದ ಧಾತು. ಕ್-ತ್-ವ್ ಎಂಬ ವ್ಯಂಜನಗಳ ನಡುವಿನ ಸ್ವರ ಬದಲಿಸುತ್ತ, ಅಲ್ಲಲ್ಲಿ ಹಿಂದೆ ಮುಂದೆ ಒಂದಿಷ್ಟು ಸೇರಿಸುತ್ತ ಹೋದರೆ ‘ಕತಾವ್’ (ಬರೆದ), ‘ಕೊತೇವ್’ (ಬರೆಯುತ್ತಾನೆ), ‘ಮಿಖ್ತಾವ್’ (ಪತ್ರ), ‘ಕ್ತೋವೆತ್’ (ವಿಳಾಸ) ಹುಟ್ಟುತ್ತವೆ. ಇದು ಪಂಡಿತರಿಗೂ ಮೊದಲಿನಿಂದ ಹೊಳೆದಿದ್ದ ಸಂಗತಿಯಲ್ಲ. ಹತ್ತನೆಯ ಶತಮಾನದ ಕೊನೆಗೆ ಸ್ಪೇನಿನ ಕಾರ್ದೊಬಾದಲ್ಲಿದ್ದ ಯೆಹೂದಾ ಹಯ್ಯೂಜ್ ಅರಬ್ಬೀ ವೈಯಾಕರಣರ ದಾರಿ ಹಿಡಿದ. ಅಕ್ಷರ ಬಿದ್ದುಹೋದಂತೆ ಕಾಣುವ ಕ್ರಿಯಾಪದಗಳಲ್ಲೂ ಧಾತುವಿಗೆ ಮೂರೇ ವ್ಯಂಜನ ಎಂದು ತೋರಿಸಿಕೊಟ್ಟ. ಅವನ ವ್ಯಾಕರಣ ಇದ್ದದ್ದು ಅರಬ್ಬಿಯಲ್ಲಿ. ಅಲ್ಲಿಂದ 1813ರಲ್ಲಿ ಬಂದ ಜರ್ಮನಿಯ ವಿಲ್‌ಹೆಲ್ಮ್ ಗೆಸೇನಿಯಸ್‌ನ ವ್ಯಾಕರಣದವರೆಗೂ ವಿದ್ವಾಂಸರ ಕಣ್ಣು ನೆಟ್ಟಿದ್ದು ಮುಖ್ಯವಾಗಿ ಬೈಬಲ್ಲಿನ ಮೇಲೆ. ಹೀಬ್ರೂ ಆಗ ಪ್ರಾರ್ಥನೆಗೆ, ಶಾಸ್ತ್ರಕ್ಕೆ, ಪತ್ರವ್ಯವಹಾರಕ್ಕೆ ಬಳಕೆಯಲ್ಲಿತ್ತು. ಆದರೆ ಸುಮಾರು ಹದಿನೇಳು ಶತಮಾನಗಳ ಕಾಲ ಅದು ಯಾರ ಮನೆಮಾತೂ ಆಗಿರಲಿಲ್ಲ.

ಎಲಿಎಜೆರ್ ಬೆನ್-ಯೆಹೂದಾ 1881ರಲ್ಲಿ ಜೆರುಸಲೇಮಿಗೆ ಬಂದು, ಮನೆಯಲ್ಲಿ ಹೀಬ್ರೂ ಬಿಟ್ಟು ಬೇರೆ ಮಾತು ಕೂಡದೆಂದು ಹಟ ಹಿಡಿದ ಕಥೆ ಪ್ರಸಿದ್ಧ. 1882ರಲ್ಲಿ ಹುಟ್ಟಿದ ಅವರ ಮಗನನ್ನು ಹೊಸಗಾಲದ ಹೀಬ್ರೂವನ್ನು ತಾಯ್ನುಡಿಯಾಗಿ ಆಡಿದ ಮೊದಲ ಮಗು ಎನ್ನುತ್ತಾರೆ. ಆದರೆ ಕಲಿಕೆಯ ಇತಿಹಾಸವನ್ನು ನೋಡಿದರೆ, ನನ್ನ ಮಟ್ಟಿಗೆ ಇನ್ನೂ ದೊಡ್ಡ ಗೌರವ ಸಲ್ಲಬೇಕಾದದ್ದು ಹಳ್ಳಿಶಾಲೆಗಳ ಮೇಷ್ಟ್ರುಗಳಿಗೆ. ರಿಶೋನ್ ಲೆಜಿಯೋನ್ ಎಂಬ ವಸಾಹತಿನಲ್ಲಿ 1886ರಲ್ಲಿ ಹೀಬ್ರೂ ಮಾಧ್ಯಮದ ಶಾಲೆ ಶುರುವಾಯಿತು. ಪಠ್ಯಪುಸ್ತಕಗಳಿಗೆ ಬರ, ಎಷ್ಟೋ ದಿನಬಳಕೆಯ ವಸ್ತುಗಳಿಗೆ ಪದವೇ ಇಲ್ಲ. ಆ ಕೊರತೆಯ ನಡುವೆಯೇ ‘ಇವ್ರಿತ್ ಬೆ-ಇವ್ರಿತ್’, ಅಂದರೆ ಹೀಬ್ರೂವನ್ನು ಹೀಬ್ರೂವಿನಲ್ಲೇ ಕಲಿಸುವ ಪದ್ಧತಿ ರೂಪುಗೊಂಡಿತು. ಯಿತ್ಸ್ಖಾಕ್ ಎಪ್‌ಸ್ಟೈನ್ ಎಂಬ ಶಿಕ್ಷಕರು ಅದಕ್ಕೆ ಶಾಸ್ತ್ರೀಯ ಬುನಾದಿ ಹಾಕಿದರು. ವಸ್ತುವನ್ನು ತೋರಿಸು, ಹೆಸರು ಹೇಳು, ಕೆಲಸ ಮಾಡಿ ತೋರಿಸು, ಕ್ರಿಯಾಪದ ಹೇಳು. ಅನುವಾದದ ಗೊಡವೆ ಬೇಡ. ಶಾಲೆಯಲ್ಲಿ ಕಲಿತ ಮಾತನ್ನು ಮಕ್ಕಳು ಮನೆಗೆ ಒಯ್ದರು. ಮನೆಯಿಂದ ಶಾಲೆಗೆ ಹೋಗಬೇಕಾದ ಭಾಷೆ ಇಲ್ಲಿ ಶಾಲೆಯಿಂದ ಮನೆಗೆ ಬಂತು. 1913ರಲ್ಲಿ ಹೈಫಾದ ತಾಂತ್ರಿಕ ವಿದ್ಯಾಲಯದಲ್ಲಿ ಜರ್ಮನ್ ಮಾಧ್ಯಮ ಇರಲಿ ಎಂಬ ತೀರ್ಮಾನವಾದಾಗ ಬೀದಿಗಿಳಿದು ಅದನ್ನು ತಡೆದವರೂ ಶಿಕ್ಷಕರು, ವಿದ್ಯಾರ್ಥಿಗಳು.

ಎರಡನೆಯ ದೊಡ್ಡ ತಿರುವು 1949ರದು. ಇಸ್ರೇಲ್ ಸ್ಥಾಪನೆಯಾದ ಮೊದಲ ಮೂರೂವರೆ ವರ್ಷಗಳಲ್ಲಿ ಸುಮಾರು ಏಳು ಲಕ್ಷ ವಲಸಿಗರು ಬಂದರು. ಯಿದ್ದಿಶ್, ಅರಬ್ಬಿ, ರೊಮೇನಿಯನ್, ಪರ್ಷಿಯನ್ ಹೀಗೆ ಒಬ್ಬೊಬ್ಬರದು ಒಂದೊಂದು ನುಡಿ. ಈ ವಯಸ್ಕರಿಗಾಗಿ ಜೆರುಸಲೇಮಿನಲ್ಲಿ ತೆರೆದ ಮೊದಲ ‘ಉಲ್ಪಾನ್’ ಅಥವಾ ತೀವ್ರ ಭಾಷಾ ಶಿಬಿರದ ಹೆಸರು ಎತ್ಸಿಯೋನ್. ರೂವಾರಿ ಮೊರ್ದೆಖಾಯ್ ಕಮ್ರಾತ್. ತಿಂಗಳುಗಟ್ಟಲೆ ದಿನವಿಡೀ ಹೀಬ್ರೂ ಮಾತು, ಹಾಡು, ಪ್ರವಾಸ. ಸ್ವರಚಿಹ್ನೆಗಳಿಲ್ಲದ ಬರಹವನ್ನು ಓದಲಾಗದವರಿಗಾಗಿ 1951ರಿಂದ ಪೂರ್ಣ ಸ್ವರಚಿಹ್ನೆಗಳೊಡನೆ ‘ಓಮೆರ್’ ಎಂಬ ದಿನಪತ್ರಿಕೆಯೂ ಬಂತು. ಗುಣಿತಾಕ್ಷರದಲ್ಲಿ ಪ್ರತಿ ಸ್ವರವನ್ನೂ ಕಣ್ಣಾರೆ ಕಾಣುವ ಕನ್ನಡಿಗರಿಗೆ ಈ ತೊಡಕಿನ ಆಳ ಕೂಡಲೇ ಅರ್ಥವಾದೀತು. ವ್ಯಂಜನಗಳ ಸಾಲನ್ನಷ್ಟೇ ಕಂಡು, ಸ್ವರಗಳನ್ನು ವ್ಯಾಕರಣದ ಬಲದಿಂದ ಊಹಿಸಿ ಓದಬೇಕು.

ಇಷ್ಟಾದರೂ ತರಗತಿಯ ಹೀಬ್ರೂ ಸಂತೆಯ ಹೀಬ್ರೂ ಆಗಿರಲಿಲ್ಲ. ಹೀಬ್ರೂವಿನಲ್ಲಿ ಸಂಖ್ಯೆಗಳಿಗೂ ಲಿಂಗವುಂಟು. ಅಲ್ಲಿನ ಹಣವಾದ ಶೆಕೆಲ್ ಪುಲ್ಲಿಂಗವಾದ್ದರಿಂದ ಹತ್ತು ಶೆಕೆಲ್ಲಿಗೆ ‘ಅಸಾರಾ ಶ್ಕಾಲಿಮ್’ ಅನ್ನಬೇಕು. ತರಕಾರಿ ಅಂಗಡಿಯವನ ಬಾಯಲ್ಲಿ ಅದು ‘ಎಸೆರ್ ಶೆಕೆಲ್’. ‘ನಾನು ಬರುತ್ತೇನೆ’ ಎನ್ನಲು ಪುಸ್ತಕದಲ್ಲಿ ‘ಅನೀ ಆವೋ’, ಬೀದಿಯಲ್ಲಿ ಬಹಳ ಜನರಿಗೆ ‘ಅನೀ ಯಾವೋ’. ‘ತಂದುಕೊಡು’ ಎನ್ನಲು ವಿಧ್ಯರ್ಥದ ರೂಪವೇ ಇದ್ದರೂ ಮಾತಿನಲ್ಲಿ ಭವಿಷ್ಯತ್ತಿನ ರೂಪವೇ ಹೆಚ್ಚು: ಗಂಡಸಿಗೆ ‘ತಾವಿ ಲಿ ಮಾಯಿಮ್’, ಹೆಂಗಸಿಗೆ ‘ತಾವೀಇ ಲಿ ಮಾಯಿಮ್’. ನನಗೆ ನೀರು ತಾ ಎಂದರ್ಥ. ಇವನ್ನೆಲ್ಲ ತಪ್ಪೆಂದು ತಿದ್ದುವುದೇ ಬಹುಕಾಲ ಮೇಷ್ಟ್ರ ಕೆಲಸವಾಗಿತ್ತು. 1950ರ ದಶಕದಲ್ಲಿ ಖಾಯಿಮ್ ರೋಸೆನ್, ಖಾಯಿಮ್ ಬ್ಲಾಂಕ್ ಎಂಬ ಭಾಷಾವಿಜ್ಞಾನಿಗಳು ಇದನ್ನು ಪ್ರಶ್ನಿಸಿದರು. ಜನ ಆಡುತ್ತಿರುವುದಕ್ಕೂ ತನ್ನದೇ ನಿಯಮವಿದೆ, ಅದನ್ನು ಇದ್ದಂತೆ ವಿವರಿಸಬೇಕು ಎಂಬುದು ಅವರ ವಾದ. 1953ರಲ್ಲಿ ಕಾನೂನಿನ ಬಲದಿಂದ ಸ್ಥಾಪನೆಯಾದ ಹೀಬ್ರೂ ಭಾಷಾ ಅಕಾಡೆಮಿ ಶುದ್ಧರೂಪಗಳ ಕಾವಲಿಗೆ ನಿಂತಿದ್ದ ದಿನಗಳಲ್ಲಿ ಹೀಗೆನ್ನಲು ಎದೆಗಾರಿಕೆ ಬೇಕಿತ್ತು. 1972ರಲ್ಲಿ ದಾನ್ ಬೆನ್-ಅಮೋತ್ಸ್ ಮತ್ತು ನೆತೀವಾ ಬೆನ್-ಯೆಹೂದಾ ಬೀದಿಮಾತಿಗೇ ಒಂದು ನಿಘಂಟು ಕಟ್ಟಿದರು. ‘ಯಾಲ್ಲಾ’, ‘ಸಬಾಬಾ’ದಂಥ ಅರಬ್ಬೀ ಮೂಲದ ಮಾತುಗಳು, ಯಿದ್ದಿಶ್ ಜಾಡಿನ ‘ಮಾ ನಿಶ್ಮಾ’ (ಏನ್ ಸಮಾಚಾರ) ಈಗ ಮೊದಲ ಪಾಠಗಳಲ್ಲೇ ಬರುತ್ತವೆ. ‘ಖವಾಲ್ ಅಲ್ ಹಜ್ಮಾನ್’ ಎಂದರೆ ಕಾಲಹರಣ. ಹೊಸ ತಲೆಮಾರಿನ ಬಾಯಲ್ಲಿ ಅದೇ ಮಾತು ‘ಬಲು ಸೊಗಸು’ ಎಂಬ ಅರ್ಥಕ್ಕೂ ಹೊರಳಿದೆ. ಯಾವ ಅರ್ಥವೆಂದು ತಿಳಿಯಲು ಆಡಿದವರ ದನಿಯನ್ನೇ ಕೇಳಬೇಕು. ಕ್ರಿಯಾರೂಪಗಳನ್ನು ಕ್ಷಣದಲ್ಲಿ ಬಿಡಿಸಿ ತೋರಿಸುವ ಪೆಆಲಿಮ್ ಜಾಲತಾಣ, 2016ರಲ್ಲಿ ಡ್ಯುಯೊಲಿಂಗೊ ಸೇರಿಸಿದ ಹೀಬ್ರೂ ಪಾಠ ಉಪಕಾರಿಗಳೇ. ಆದರೆ ಆ ದನಿಯ ಪಾಠ ಅವುಗಳಿಂದ ಸಿಗದು.

ಆ ದನಿಯನ್ನು ಕಿವಿಯಿಂದಲೇ ಕಲಿಯುತ್ತಿರುವ ನಮ್ಮವರಿದ್ದಾರೆ. ಮಂಗಳೂರು, ಉಡುಪಿ ಕಡೆಯ ಅನೇಕರು ಇಸ್ರೇಲಿನ ಮನೆಗಳಲ್ಲಿ ವೃದ್ಧರ ಆರೈಕೆಯ ಕೆಲಸದಲ್ಲಿದ್ದಾರೆ. ಅವರು ನೋಡಿಕೊಳ್ಳುವ ಹಿರಿಯರಲ್ಲಿ ಎಷ್ಟೋ ಮಂದಿ ತಾವೇ ವಲಸೆ ಬಂದು, ದೊಡ್ಡವರಾದ ಮೇಲೆ ಹೀಬ್ರೂ ಕಲಿತವರು. ಇಂದು ಸಿಗುವ ಬಹುತೇಕ ಪಾಠಗಳು ಇಂಗ್ಲಿಷ್ ಅಥವಾ ರಷ್ಯನ್ ಬಲ್ಲವರನ್ನು ಗಮನದಲ್ಲಿಟ್ಟು ಬರೆದವು. ಇಂಗ್ಲಿಷ್ ಪುಸ್ತಕ ಪುಟಗಟ್ಟಲೆ ವಿವರಿಸುವ ಕೆಲವು ಸಂಗತಿಗಳು ಕನ್ನಡದವರಿಗೆ ಹುಟ್ಟಿನಿಂದಲೇ ಗೊತ್ತು. ‘ಯೆಶ್ ಲಿ ಜ್ಮಾನ್’ ಅಂದರೆ ನನಗೆ ಸಮಯವಿದೆ. ಹೊಂದಿರುವುದಕ್ಕೆ ಪ್ರತ್ಯೇಕ ಕ್ರಿಯಾಪದದ ಹಂಗು ಎರಡು ಭಾಷೆಗಳಿಗೂ ಇಲ್ಲ. ‘ಅನೀ ಮೋರಾ’ ಅಂದರೆ ನಾನು ಟೀಚರು. ನಡುವೆ ಏನನ್ನೂ ಸೇರಿಸಬೇಕಿಲ್ಲ. ‘ಕರ್ ಲಿ’ ಅಂದರೆ ನನಗೆ ಚಳಿ.

ಕಷ್ಟವಿರುವುದು ಬೇರೆ ಕಡೆ. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದವರು ಗಂಡೋ ಹೆಣ್ಣೋ ಪದದಿಂದ ತಿಳಿಯದು. ಹೀಬ್ರೂವಿನಲ್ಲಿ ಗಂಡಸು ‘ಅನೀ ಹೊಲೇಖ್’ ಎಂದರೆ ಹೆಂಗಸು ‘ಅನೀ ಹೊಲೇಖೆತ್’ ಎನ್ನಬೇಕು. ಭೂತಕಾಲದಲ್ಲಿ ‘ಹಾಂವ್ ಗೆಲೊಂ’, ‘ಹಾಂವ್ ಗೆಲಿಂ’ ಎಂದು ಬೇರೆ ಮಾಡುವ ಕೊಂಕಣಿಗರಿಗೆ ಈ ಭೇದ ಹೊಸದಲ್ಲ, ಕಾಲವಷ್ಟೇ ಬೇರೆ. ಎದುರಿಗಿರುವವರನ್ನು ‘ನೀನು’ ಎನ್ನುವಾಗಲೂ ಹೀಬ್ರೂವಿನಲ್ಲಿ ಗಂಡಿಗೆ ‘ಅತಾ’, ಹೆಣ್ಣಿಗೆ ‘ಅತ್’. ‘ಹೇಗಿದ್ದೀರಿ’ ಎಂದು ಕೇಳುವಾಗ ಅಜ್ಜನಿಗೆ ‘ಮಾ ಶ್ಲೋಮ್‌ಖಾ’, ಅಜ್ಜಿಗೆ ‘ಮಾ ಶ್ಲೋಮೇಖ್’. ನಮ್ಮ ಬಹುವಚನದ ಗೌರವ ದಿನದ ಮಾತಿನಲ್ಲಿ ಅಲ್ಲಿಲ್ಲ. ಎಂಬತ್ತು ದಾಟಿದವರನ್ನು ಏಕವಚನದಲ್ಲಿ ಮಾತಾಡಿಸಲು ನಮ್ಮವರ ನಾಲಿಗೆ ಮೊದಮೊದಲು ಹಿಂಜರಿಯುವುದು ಸಹಜ. ಕನ್ನಡದ ಮೂಲಕ ಹೀಬ್ರೂ ಕಲಿಸುವ ಪಾಠವನ್ನು ಯಾರಾದರೂ ಬರೆಯುವುದಾದರೆ ಬೈಬಲ್ಲಿನ ಧಾತುಪಟ್ಟಿ ಆಮೇಲೆ ಬರಲಿ. ‘ಕೊಎವ್ ಲಿ ಹಗಾವ್’ ಎಂಬ ವಾಕ್ಯದಿಂದ ಶುರುಮಾಡಲಿ: ನನಗೆ ಬೆನ್ನು ನೋಯುತ್ತಿದೆ. ಆರೈಕೆಗೆ ನಿಂತವರು ಮೊದಲ ದಿನವೇ ಕೇಳಬಹುದಾದ ಮಾತದು. ಅದರಲ್ಲಿನ ‘ಲಿ’ ಮಾಡುವುದು ನಮ್ಮ ‘ನನಗೆ’ ಎಂಬುದರ ವಿಭಕ್ತಿಯ ಕೆಲಸವನ್ನೇ.