ಬಿಳಿಜಾಲಿ ತೊಗಟೆಯ ಒಗರು

ಮಂಡ್ಯ ಜಿಲ್ಲೆ ಕೃಷ್ಣರಾಜಪೇಟೆ ತಾಲ್ಲೂಕಿನ ಮಾಕವಳ್ಳಿ ಎಂದರೆ ಈಗ ಸಕ್ಕರೆ ಕಾರ್ಖಾನೆ. ಕಬ್ಬು ಅರೆಯುವ ಹಂಗಾಮು ಬಂತೆಂದರೆ ಗಾಡಿ, ಟ್ರ್ಯಾಕ್ಟರುಗಳ ಸಾಲು, ಕಾಕಂಬಿಯ ಗಾಢ ವಾಸನೆ. ಆದರೆ ಈ ಸೀಮೆಯವರು ಸಿಹಿಯನ್ನು ಹುಳಿಸಿ ಮದ್ಯ ಮಾಡುವುದನ್ನು ಕಾರ್ಖಾನೆಯಿಂದ ಕಲಿಯಲಿಲ್ಲ. ಅದಕ್ಕೆ ಆಲೆಮನೆಯ ಬೆಲ್ಲ ಸಾಕಿತ್ತು, ಜೊತೆಗೆ ಯಾರೂ ನೆಡದೆ ಹೊಲದ ಬದುವಿನಲ್ಲಿ ಬೆಳೆದ ಬಿಳಿಜಾಲಿಯ ತೊಗಟೆ.

ಬೆಲ್ಲವನ್ನು ನೀರಿನಲ್ಲಿ ಕರಗಿಸಿ, ಜಜ್ಜಿದ ತೊಗಟೆ ಹಾಕಿ, ಕೆಲವು ದಿನ ಕೊಳೆಯಲು ಬಿಡುತ್ತಿದ್ದರು. ನೊರೆಯ ಅಬ್ಬರ ಇಳಿದ ಮೇಲೆ ಭಟ್ಟಿ. ತೊಗಟೆಯಲ್ಲಿ ಟ್ಯಾನಿನ್ ಹೇರಳ. ಅದು ರಸದಲ್ಲಿರುವ ಸಸಾರಜನಕದ ಅಂಶವನ್ನು ಹೆಪ್ಪುಗಟ್ಟಿಸಿ ತಳಕ್ಕಿಳಿಸುತ್ತದೆ, ಮೇಲೆ ತಿಳಿ ನಿಲ್ಲುತ್ತದೆ. ಬ್ರಿಟಿಷ್ ಸಸ್ಯಶಾಸ್ತ್ರಜ್ಞರು 19ನೇ ಶತಮಾನದಲ್ಲೇ ಇದನ್ನು ಗುರುತಿಸಿದ್ದರು. ಇಂಗ್ಲಿಷಿನಲ್ಲಿ ಬಿಳಿಜಾಲಿಗೆ ‘ಡಿಸ್ಟಿಲರ್ಸ್ ಅಕೇಶಿಯ’ ಎಂಬ ಹೆಸರು ಅಂಟಿಕೊಂಡಿರುವುದು ಈ ಕಸುಬಿನಿಂದಲೇ. ಒಗರಿನ ಗುಣವನ್ನು ಅರಿತು ಆ ಮರವನ್ನೇ ಆರಿಸಿದವರ ಜಾಣ್ಮೆ ಸಣ್ಣದಲ್ಲ.

ಹಳ್ಳದ ದಂಡೆಯ ಈಚಲು ಮರದ್ದು ಇನ್ನೊಂದು ಕಥೆ. ಅದರ ಹೆಂಡಕ್ಕೆ ಬೆಲ್ಲವೂ ಬೇಡ, ಒಲೆಯೂ ಬೇಡ. ಕೊಡಕ್ಕೆ ತೊಟ್ಟಿಕ್ಕಿದ ರಸ ಬಿಸಿಲೇರುವಷ್ಟರಲ್ಲಿ ತಾನೇ ಹುಳಿಯುತ್ತದೆ. ಮರ ಕೆತ್ತುವುದು ಈಡಿಗರ ಕುಲಕಸುಬು. ಹೆಂಡ ಮಾರುತ್ತಿದ್ದವರಲ್ಲಿ ಒಬ್ಬರು 12ನೇ ಶತಮಾನದಲ್ಲಿ ಹೆಂಡದ ಮಾರಯ್ಯನೆಂಬ ವಚನಕಾರರಾದರು. ಅದಕ್ಕೂ ಹಿಂದೆ, 10ನೇ ಶತಮಾನದ ಪಂಪ ತನ್ನ ಭಾರತದಲ್ಲಿ ಪಾನಗೋಷ್ಠಿಯನ್ನು ಸವಿಸ್ತಾರವಾಗಿ ಬಣ್ಣಿಸಿದ್ದ.

ಶ್ರೀರಂಗಪಟ್ಟಣದಿಂದ ಆಳಿದ ಟಿಪ್ಪು ಮಾತ್ರ ಮದ್ಯವನ್ನು ಸಹಿಸಲಿಲ್ಲ. ಬೊಕ್ಕಸಕ್ಕೆ ನಷ್ಟವಾದರೂ ಸರಿಯೇ ಎಂದು ನಿಷೇಧ ಹೇರಿದ. 1799ರಲ್ಲಿ ಅವನ ಕೋಟೆ ಬಿದ್ದ ಮೇಲೆ ಹೆಂಡ, ಸಾರಾಯಿಯ ಗುತ್ತಿಗೆಗಳು ಸರ್ಕಾರದ ದೊಡ್ಡ ಆದಾಯವಾದವು. ಮೈಸೂರಿನಲ್ಲಿ ಬ್ರಿಟಿಷ್ ಕಮಿಷನರುಗಳ ಆಡಳಿತ 1831ರಿಂದ 1881ರವರೆಗೆ ನಡೆಯಿತು. ಊರೂರಿನ ಸಣ್ಣ ಭಟ್ಟಿಗಳನ್ನು ಮುಚ್ಚಿಸಿ ಸಾರಾಯಿ ಇಳಿಸುವುದನ್ನು ಕೇಂದ್ರೀಕರಿಸಿದ್ದು ಆಗಲೇ. ತೆರಿಗೆ ಲೆಕ್ಕಕ್ಕೆ ಅದು ಅನುಕೂಲ. ಆದರೆ ಊರಿಗೊಂದಾಗಿದ್ದ ರುಚಿ ಅಲ್ಲಿಗೆ ಮುಗಿಯಿತು, ಮನೆಯ ಹಿತ್ತಲಲ್ಲಿ ಇಳಿಸಿದ್ದು ಕಳ್ಳಭಟ್ಟಿಯಾಯಿತು. ಬಿಯರಿನ ಲೋಕದಲ್ಲೂ ಹೀಗೇ ಆಗಿತ್ತು. ಕಹಿ ಕೊಡುವ ಹಾಪ್ಸ್ ಹೂ ಬರುವ ಮುಂಚೆ ಯುರೋಪಿನವರು ಕಾಡುಸೊಪ್ಪುಗಳ ‘ಗ್ರೂಟ್’ ಮಿಶ್ರಣ ಬಳಸುತ್ತಿದ್ದರು. 1516ರಲ್ಲಿ ಬವೇರಿಯಾದ ಕಾನೂನು ಬಾರ್ಲಿ, ಹಾಪ್ಸ್, ನೀರು ಇಷ್ಟೇ ಸಾಕೆಂದಿತು.

1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಆರಂಭವಾಯಿತು. ಸಾರಾಯಿಗೆ ಕಾಕಂಬಿ ರಾಶಿಯಾಗಿ ಸಿಗತೊಡಗಿದ ಮೇಲೆ ಬೆಲ್ಲ, ತೊಗಟೆಗಳ ಗೊಡವೆ ಯಾರಿಗೂ ಬೇಕಿರಲಿಲ್ಲ.

ಈಚಲಿಗೆ ಕೊಡಲಿ ಬಿದ್ದದ್ದು ಸ್ವಾತಂತ್ರ್ಯ ಚಳವಳಿಯಲ್ಲಿ. 1939ರಲ್ಲಿ ಚಿತ್ರದುರ್ಗದ ತುರುವನೂರಿನಲ್ಲಿ ಕಾಂಗ್ರೆಸ್ ಸತ್ಯಾಗ್ರಹಿಗಳು ಈಚಲು ಮರಗಳನ್ನು ಕಡಿದರು. ಕುಡಿತದಿಂದ ಬರಿದಾದ ಮನೆಗಳನ್ನು ಕಂಡವರ ಸಿಟ್ಟು ಅದು. ಅದನ್ನು ಹಗುರವಾಗಿ ಕಾಣಬಾರದು. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿಯೂ ನಿಂತಿತು.

ಅದಾಗಿ ನಾಲ್ಕೇ ವರ್ಷಕ್ಕೆ, 2011ರಲ್ಲಿ, ಬೆಂಗಳೂರಿನ ವಿಠಲ್ ಮಲ್ಯ ರಸ್ತೆಯಲ್ಲಿ ‘ದಿ ಬಿಯರ್ ಕ್ಲಬ್’ ತೆರೆಯಿತು. ಅಲ್ಲೇ ಕುದಿಸಿ, ಅಲ್ಲೇ ಹುಳಿಸಿ, ಅಲ್ಲೇ ಬಡಿಸುವ ಪಬ್ಬುಗಳು ನಗರದ ತುಂಬ ಹಬ್ಬಿದವು. ಕ್ರಾಫ್ಟ್ ಬಿಯರ್ ತಯಾರಕರು ಈಗ ಲೋಕದೆಲ್ಲೆಡೆ ತಮ್ಮ ನೆಲದ ಸೊಪ್ಪು, ತೊಗಟೆಗಳನ್ನು ಹುಡುಕುತ್ತಿದ್ದಾರೆ. ಬೆಂಗಳೂರಿನವರು ಹುಡುಕಬೇಕಾದ್ದು ದೂರದಲ್ಲಿಲ್ಲ. ಹಾಪ್ಸಿನ ಕಹಿಯ ಬದಲು ಬಿಳಿಜಾಲಿಯ ಒಗರು, ಮಾಲ್ಟಿನ ಜೊತೆಗೆ ಮಂಡ್ಯದ ಬೆಲ್ಲ ಹಾಕಿದ ಒಂದು ಬಿಯರನ್ನು ಅವರು ಮಾಡಿ ನೋಡಬೇಕು. ನಾಗಮಂಗಲ, ಕೃಷ್ಣರಾಜಪೇಟೆಯ ಒಣಹೊಲಗಳಲ್ಲಿ ಆ ಮರ ಇನ್ನೂ ಇದೆ; ಅದರ ಕಾಯಿ ಕುರಿಗಳಿಗೆ ಮೇವು. ಒಂದೇ ಎಚ್ಚರ ಸಾಕು: ಸುತ್ತಲೂ ಸುಲಿದರೆ ಮರ ಒಣಗುತ್ತದೆ, ಕೊಂಬೆಯ ತೊಗಟೆಯಷ್ಟನ್ನೇ ತೆಗೆಯಬೇಕು.